ಬಿಲ್ ಇಸಿಸಿಯಲ್ಲಿ, ಪಾವತಿ ಎಸ್/4ಹಾನಾದಲ್ಲಿ: ಎರಡರ ನಡುವಿನ ಎಸ್‌ಒಡಿ ರಿಸ್ಕ್ ಜಿಆರ್‌ಸಿಯಲ್ಲಿ ಯಾಕೆ ಬರುತ್ತಿಲ್ಲ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ: ಎಸ್‌ಎಪಿ ಜಿಆರ್‌ಸಿ ಆಕ್ಸೆಸ್ ಕಂಟ್ರೋಲ್ 12.0 (ಯಾರಿಗೆ ಯಾವ ಅಧಿಕಾರ ಇದೆ, ಅದರಲ್ಲಿ ಏನು ಅಪಾಯ ಎಂದು ಪರಿಶೀಲಿಸುವ ಸಾಫ್ಟ್‌ವೇರ್) ಇದೆ, ಅದಕ್ಕೆ ಎರಡೂ ಸಿಸ್ಟಂಗಳ ಕನೆಕ್ಟರ್ (ಸಂಪರ್ಕ) ಜೋಡಿಸಿಯಾಗಿದೆ. ವೆಂಡರ್ ಬಿಲ್ ಎಸ್‌ಎಪಿಯ ಹಳೆಯ ಸಿಸ್ಟಂ ಆದ ಇಸಿಸಿಯಲ್ಲಿ, ಬಿಲ್ ದಾಖಲಿಸುವ ಟ್ರಾನ್ಸಾಕ್ಷನ್ ಕೋಡ್ ಆದ ಎಫ್‌ಬಿ60ರಲ್ಲಿ ಬೀಳುತ್ತದೆ. ಸೆಂಟ್ರಲ್ ಫೈನಾನ್ಸ್ (ಹಲವು ಸಿಸ್ಟಂಗಳ ಲೆಕ್ಕವನ್ನು ಒಂದೆಡೆ ತರುವ ವ್ಯವಸ್ಥೆ) ಬಂದ ಮೇಲೆ ಪಾವತಿ ಹೊಸ ಸಿಸ್ಟಂ ಆದ ಎಸ್/4ಹಾನಾದ ಎಫ್110ಕ್ಕೆ (ಪಾವತಿ ರನ್ ನಡೆಸುವ ಕೋಡ್) ಹೋಗಿದೆ. ಎರಡೂ ಕಡೆ ಅಧಿಕಾರ ಇರುವವರು ನಿಮಗೆ ಗೊತ್ತಿದ್ದಾರೆ, ಆದರೂ ಎಸ್‌ಒಡಿ (ಒಬ್ಬರ ಕೈಯಲ್ಲೇ ಇರಬಾರದ ಕೆಲಸಗಳನ್ನು ಬೇರ್ಪಡಿಸುವುದು) ರಿಸ್ಕ್ ಅನಾಲಿಸಿಸ್ ಖಾಲಿ ಬರುತ್ತಿದೆ.

ಮೊದಲು ಒಂದು ಮಾತು. ಆ ಖಾಲಿ ರಿಪೋರ್ಟನ್ನು ಆಡಿಟರ್‌ಗೆ ಕಳಿಸಬೇಡಿ. ಅದು ಖಾಲಿ ಬಂದಿರುವುದು ಹೋಲಿಸಿ ನೋಡಲು ನಿಯಮವೇ ಹುಟ್ಟಿಲ್ಲದ ಕಾರಣಕ್ಕೆ. ಬಿಲ್ ಹಾಕಿದವರೇ ಹಣ ಬಿಡುಗಡೆ ಮಾಡಬಹುದಾದ ದಾರಿ ಈಗಲೂ ತೆರೆದೇ ಇದೆ. ಒನ್ ಟೈಮ್ ವೆಂಡರ್ ಖಾತೆ (ಒಮ್ಮೆ ಮಾತ್ರ ವ್ಯವಹರಿಸುವವರಿಗಾಗಿ ಇಡುವ ಸಾಮಾನ್ಯ ಖಾತೆ) ಬಳಕೆಯಲ್ಲಿದ್ದರೆ ಇನ್ನೂ ಅಪಾಯ, ಯಾಕೆಂದರೆ ಅಲ್ಲಿ ಬ್ಯಾಂಕ್ ವಿವರವನ್ನೂ ಬಿಲ್ ಹಾಕುವಾಗಲೇ ತುಂಬಬಹುದು.

ನಿಯಮ ಹುಟ್ಟುವ ಬಗೆ ತಿಳಿದರೆ ತಪ್ಪು ಎಲ್ಲಿದೆ ಎಂದು ತಾನಾಗಿ ಗೊತ್ತಾಗುತ್ತದೆ. ಇಲ್ಲಿ ಒಂದು ರಿಸ್ಕ್ ಎಂದರೆ ಬಿಲ್, ಪಾವತಿಯಂಥ ಎರಡು ಫಂಕ್ಷನ್‌ಗಳ ಜೋಡಿ. ರೂಲ್ ಜನರೇಟ್ ಮಾಡಿದಾಗ ಮೊದಲನೆಯದರ ಪ್ರತಿ ಆ್ಯಕ್ಷನ್ (ಎಫ್‌ಬಿ60ರಂಥ ಕೋಡ್) ಎರಡನೆಯದರ ಪ್ರತಿ ಆ್ಯಕ್ಷನ್ ಜೊತೆ ಸೇರುತ್ತದೆ: ಬಿಲ್ ಕಡೆ 4, ಪಾವತಿ ಕಡೆ 3 ಇದ್ದರೆ 12 ನಿಯಮ. ಆದರೆ ಫಂಕ್ಷನ್‌ನ ಅನಾಲಿಸಿಸ್ ಸ್ಕೋಪ್ ‘ಸಿಂಗಲ್ ಸಿಸ್ಟಂ’ ಎಂದಿದ್ದರೆ ಈ ಜೋಡಣೆ ಒಂದೇ ಸಿಸ್ಟಂನ ಒಳಗೆ ಮಾತ್ರ ನಡೆಯುತ್ತದೆ. ಇಸಿಸಿಯ ಎಫ್‌ಬಿ60ಕ್ಕೆ ಇಸಿಸಿಯ ಎಫ್110 ಸೇರುತ್ತದೆ, ಎಸ್/4ರ ಎಫ್110 ಸೇರುವುದಿಲ್ಲ. ನಿಮ್ಮವರಿಗೆ ಇಸಿಸಿಯಲ್ಲಿ ಈಗ ಎಫ್110 ಇಲ್ಲವಲ್ಲ, ಹಾಗಾಗಿ ಏನೂ ಸಿಕ್ಕುತ್ತಿಲ್ಲ.

ಆದ್ದರಿಂದ ಎರಡೂ ಫಂಕ್ಷನ್ ತೆರೆದು ಸ್ಕೋಪನ್ನು ‘ಕ್ರಾಸ್ ಸಿಸ್ಟಂ’ ಮಾಡಿ. ಒಂದನ್ನು ಬದಲಿಸಿ ಇನ್ನೊಂದನ್ನು ಮರೆಯುವುದು ತುಂಬಾ ಸಾಮಾನ್ಯ. ಹಾಗೇ ಆ್ಯಕ್ಷನ್ ಟ್ಯಾಬ್‌ನಲ್ಲಿ ಎಫ್‌ಬಿ60 ಇಸಿಸಿಯ ಲಾಜಿಕಲ್ ಗ್ರೂಪ್ (ಒಂದೇ ಜಾತಿಯ ಸಿಸ್ಟಂಗಳ ಗುಂಪು) ಹೆಸರಿನಲ್ಲೂ ಎಫ್110 ಎಸ್/4ರ ಲಾಜಿಕಲ್ ಗ್ರೂಪ್ ಹೆಸರಿನಲ್ಲೂ ಇದೆಯೇ, ‘ಆ್ಯಕ್ಟಿವ್’ ಆಗಿದೆಯೇ ನೋಡಿ. ಪರ್ಮಿಷನ್ ಕಡೆ, ಎಫ್‌ಬಿ60ಕ್ಕೆ ಎಫ್_ಬಿಕೆಪಿಎಫ್_ಬಿಯುಕೆ ಆಬ್ಜೆಕ್ಟ್‌ನಲ್ಲಿ ಆ್ಯಕ್ಟಿವಿಟಿ 01 ಸಾಕು. ಎಫ್110ಕ್ಕೆ ಎಫ್_ಆರ್‌ಇಜಿಯು_ಬಿಯುಕೆ ಆಬ್ಜೆಕ್ಟ್‌ನ ಎಫ್‌ಬಿಟಿಸಿಎಚ್ ಫೀಲ್ಡ್‌ನಲ್ಲಿ 21 ಇರಲಿ, ಪಾವತಿ ರನ್ ನಡೆಸುವ ಅಧಿಕಾರ ಅದೇ. 03, 13 ಬರೀ ನೋಡುವವರದು. ಅವನ್ನೂ ಸೇರಿಸಿದರೆ ಅಕೌಂಟ್ಸ್ ವಿಭಾಗದವರೆಲ್ಲ ಪಟ್ಟಿಯಲ್ಲಿ ಬಂದು ಕೂರುತ್ತಾರೆ. ಕೊನೆಗೆ ಆ ರಿಸ್ಕ್‌ಗೆ ರೂಲ್‌ಗಳನ್ನು ಮತ್ತೆ ಜನರೇಟ್ ಮಾಡಿ. ಸೇವ್ ಮಾಡಿದ ಮಾತ್ರಕ್ಕೆ ಹಳೆಯ ನಿಯಮ ಬದಲಾಗುವುದಿಲ್ಲ.

ಕನೆಕ್ಟರ್ ಕೆಲಸ ಮುಗಿಸಿದ್ದೀರಿ ಎಂದಿದ್ದೀರಿ, ಬೇಗ ದಾಟುತ್ತೇನೆ. ಎಸ್‌ಎಂ59ರಲ್ಲಿ (ಸಂಪರ್ಕ ಪರೀಕ್ಷಿಸುವ ಕೋಡ್) ಕನೆಕ್ಷನ್ ಟೆಸ್ಟ್ ಜೊತೆ ಅಥರೈಸೇಷನ್ ಟೆಸ್ಟೂ ಪಾಸಾಗಬೇಕು. ಎಸ್‌ಪಿಆರ್‌ಒದಲ್ಲಿ (ಸೆಟ್ಟಿಂಗ್‌ಗಳ ಪರದೆ) ಎರಡೂ ಕನೆಕ್ಟರ್ ಎಯುಟಿಎಚ್ ಸಿನಾರಿಯೊಗೆ ಸೇರಿರಬೇಕು. ಗ್ರೂಪ್‌ಗಳಲ್ಲಿ ಮಾತ್ರ ಗೊಂದಲ ಬೇಡ: ಲಾಜಿಕಲ್ ಗ್ರೂಪ್ ಒಂದೇ ಜಾತಿಯ ಸಿಸ್ಟಂಗಳಿಗೆ, ಕ್ರಾಸ್ ಸಿಸ್ಟಂ ಗ್ರೂಪ್ ಬೇರೆ ಬೇರೆ ಜಾತಿಯವನ್ನು ಒಟ್ಟಿಗೆ ಅಳೆಯಲಿಕ್ಕೆ. ಈ ಎರಡನೆಯದರಲ್ಲಿ ಪ್ರೊಡಕ್ಷನ್ ಕನೆಕ್ಟರ್‌ಗಳನ್ನಷ್ಟೇ ಇಡಿ. ಡೆವಲಪ್‌ಮೆಂಟ್ ಸಿಸ್ಟಂ ಒಂದು ನುಸುಳಿದರೂ ಅಲ್ಲಿನ ಧಾರಾಳ ಅಧಿಕಾರಗಳೆಲ್ಲ ರಿಸ್ಕ್ ಆಗಿ ಎಣಿಕೆಗೆ ಬರುತ್ತವೆ.

ಇನ್ನು ಯೂಸರ್ ಐಡಿ. ಬಹಳ ಕಡೆ ಎಲ್ಲ ಸರಿಯಿದ್ದೂ ಕೆಲಸ ಕೆಡುವುದು ಇಲ್ಲಿ. ಇಸಿಸಿಯಲ್ಲಿ ಹೆಸರಿನ ಐಡಿ, ಎಸ್/4ರಲ್ಲಿ ನೌಕರ ಸಂಖ್ಯೆಯ ಐಡಿ ಇದ್ದರೆ ಜಿಆರ್‌ಸಿ ಕಣ್ಣಿಗೆ ಅವರು ಇಬ್ಬರು ಬೇರೆ ಬೇರೆ ಜನ. ಮಾಸ್ಟರ್ ಯೂಸರ್ ಐಡಿ ಮ್ಯಾಪಿಂಗ್‌ನಲ್ಲಿ ಪ್ರತಿ ಸಿಸ್ಟಂನ ಐಡಿಯನ್ನು ಒಂದೇ ಮಾಸ್ಟರ್ ಐಡಿಗೆ ಕಟ್ಟಬೇಕು. ಎಚ್‌ಆರ್‌ನಿಂದ ನೌಕರ ಸಂಖ್ಯೆ ಸಮೇತ ಪಟ್ಟಿ ತರಿಸಿಕೊಂಡು ಮಾಡಿ, ಹೆಸರು ಹೋಲಿಸಿ ಊಹೆಯಿಂದ ಜೋಡಿಸಬೇಡಿ. ಒಂದೇ ಹೆಸರಿನ ಇಬ್ಬರು ಯಾವ ಕಂಪನಿಯಲ್ಲೂ ಇರುತ್ತಾರೆ, ಒಬ್ಬರ ರಿಸ್ಕ್ ಇನ್ನೊಬ್ಬರ ತಲೆಗೆ ಕಟ್ಟಿದರೆ ಅದು ದೊಡ್ಡ ಅನ್ಯಾಯ.

ಆಮೇಲೆ ಎರಡೂ ಕನೆಕ್ಟರ್‌ಗೆ ಅಥರೈಸೇಷನ್ ಸಿಂಕ್, ಅದರ ಹಿಂದೆಯೇ ರೆಪಾಸಿಟರಿ ಆಬ್ಜೆಕ್ಟ್ ಸಿಂಕ್ ಓಡಿಸಿ. ಮೊದಲ ಸಲ ಫುಲ್, ಮುಂದೆ ಇನ್‌ಕ್ರಿಮೆಂಟಲ್. ಲಾಕ್ ಆದವರು, ಅವಧಿ ಮುಗಿದವರು ಲೆಕ್ಕಕ್ಕೆ ಬರಬೇಕೇ ಎನ್ನುವುದು ಪ್ಯಾರಾಮೀಟರ್ 1029 ಮತ್ತು 1028ರಲ್ಲಿದೆ. ಕಂಪನಿ ಕೋಡ್ ಎರಡೂ ಸಿಸ್ಟಂನಲ್ಲಿ ಬೇರೆಯಾಗಿದ್ದರೆ ಆರ್ಗ್ ರೂಲ್ (ಕಂಪನಿ ಕೋಡ್‌ನಂಥ ಘಟಕದ ಮೇಲೆ ಫಲಿತಾಂಶ ಸೋಸುವ ನಿಯಮ) ಈಗಲೇ ಹಾಕಬೇಡಿ, ನಿಜವಾದ ರಿಸ್ಕೂ ಅದರಲ್ಲಿ ಸೋಸಿ ಹೋಗಬಹುದು.

ಪರೀಕ್ಷೆಗೆ ಒಂದು ಟೆಸ್ಟ್ ಯೂಸರ್ ಸಾಕು. ಇಸಿಸಿಯಲ್ಲಿ ಎಫ್‌ಬಿ60 ಮಾತ್ರ ಇರುವ ರೋಲ್, ಎಸ್/4ರಲ್ಲಿ ಎಫ್110 ಮಾತ್ರ ಇರುವ ರೋಲ್ ಕೊಟ್ಟು ಸಿಂಕ್ ಮಾಡಿ. ಯೂಸರ್ ಲೆವೆಲ್ ಅನಾಲಿಸಿಸ್‌ನಲ್ಲಿ ಸಿಸ್ಟಂ ಜಾಗಕ್ಕೆ ಕ್ರಾಸ್ ಸಿಸ್ಟಂ ಗ್ರೂಪ್ ಆರಿಸಿ, ಮೊದಲು ಆ್ಯಕ್ಷನ್ ಲೆವೆಲ್, ಆಮೇಲೆ ಪರ್ಮಿಷನ್ ಲೆವೆಲ್. ಆ್ಯಕ್ಷನ್‌ನಲ್ಲಿ ಬಂದು ಪರ್ಮಿಷನ್‌ನಲ್ಲಿ ಬರದಿದ್ದರೆ ಆಬ್ಜೆಕ್ಟ್‌ನ ಮೌಲ್ಯ ತಪ್ಪಿದೆ. ಎರಡರಲ್ಲೂ ಬರದಿದ್ದರೆ ಸ್ಕೋಪ್, ರೂಲ್ ಜನರೇಷನ್, ಐಡಿ ಮ್ಯಾಪಿಂಗ್ ಈ ಕ್ರಮದಲ್ಲಿ ಹಿಂದಕ್ಕೆ ಹೋಗಿ.

ಇಷ್ಟು ಮಾಡಿದ ಮೇಲೂ ಒಂದು ಕಿಂಡಿ ಉಳಿಯುತ್ತದೆ. ಎಸ್/4ರಲ್ಲಿ ಎಫ್110 ಕೋಡ್ ಇಲ್ಲದೆಯೇ ‘ಮ್ಯಾನೇಜ್ ಆಟೋಮ್ಯಾಟಿಕ್ ಪೇಮೆಂಟ್ಸ್’ ಎಂಬ ಫಿಯೋರಿ (ಬ್ರೌಸರ್‌ನಲ್ಲಿ ನಡೆಯುವ) ಆ್ಯಪ್‌ನಿಂದ ಪಾವತಿ ರನ್ ನಡೆಸಬಹುದು. ಅದರ ಸಂಖ್ಯೆ ಎಫ್0770. ಟ್ರಾನ್ಸಾಕ್ಷನ್ ಕೋಡ್ ಮಾತ್ರ ಇರುವ ರೂಲ್‌ಸೆಟ್‌ಗೆ ಅದು ಕಾಣುವುದಿಲ್ಲ. ಆ ಆ್ಯಪ್‌ನ ಸರ್ವಿಸನ್ನೂ ಪಾವತಿ ಫಂಕ್ಷನ್‌ನಲ್ಲಿ ಆ್ಯಕ್ಷನ್ ಆಗಿ ಸೇರಿಸಿ, ರೂಲ್ ಜನರೇಟ್ ಮಾಡಿ, ಅದೇ ಟೆಸ್ಟ್ ಯೂಸರ್‌ನ ಎಫ್110 ಕಿತ್ತು ಆ ಆ್ಯಪ್‌ನ ರೋಲ್ ಕೊಟ್ಟು ಇನ್ನೊಮ್ಮೆ ನೋಡಿ. ಆಗಲೂ ಖಾಲಿ ಬಂದರೆ ಆ್ಯಕ್ಷನ್ ಟ್ಯಾಬ್‌ನ ಚಿತ್ರ ಇಲ್ಲೇ ಹಾಕಿ, ಕನೆಕ್ಟರ್ ಹೆಸರು ಅಳಿಸಿ, ನೋಡಿ ಹೇಳುತ್ತೇನೆ.