ಎಫ್‌ಪಿಜಿಎ ಬೋರ್ಡಿನ ಡಿಡಿಆರ್3 ಮೆಮೊರಿಯಿಂದ ಒಂದು ಪದ (4 ಬೈಟ್) ಓದಲು 25 ಕ್ಲಾಕ್ ಹಿಡಿಯುತ್ತಿದೆ. ಎಎಕ್ಸ್‌ಐ (ಚಿಪ್ಪಿನೊಳಗಿನ ಭಾಗಗಳನ್ನು ಬೆಸೆಯುವ ಬಸ್) ಕೈಬಿಟ್ಟು ಮೆಮೊರಿ ಕಂಟ್ರೋಲರನ್ನು ನಾನೇ ಬರೆಯಲೇ?

ಬೇಡ, ಸದ್ಯಕ್ಕಂತೂ ಬೇಡ. ನೀವು ಹೇಳಿದ್ದು ಇಷ್ಟು: ಆರ್ಟಿ ಎ7-35 ಎಂಬ ಎಫ್‌ಪಿಜಿಎ (ಒಳಗಿನ ಸರ್ಕ್ಯೂಟನ್ನು ನಾವೇ ಬರೆದು ತುಂಬಬಹುದಾದ ಚಿಪ್) ಬೋರ್ಡಿನಲ್ಲಿ 32 ಬಿಟ್ಟಿನ ರಿಸ್ಕ್-ವಿ ಪ್ರೊಸೆಸರ್ ಕೋರ್ ಇದೆ, ಜೊತೆಗೆ 640×480ರ ವಿಜಿಎ ಪರದೆ. ಚಿಪ್ಪಿನೊಳಗಿನ 225 ಕಿಲೋಬೈಟ್ ಬ್ಲಾಕ್ ರ್ಯಾಮಿನಲ್ಲಿ ಚಿತ್ರ ಹಿಡಿಸದ್ದರಿಂದ ಚಿಪ್ಪಿನ ಹೊರಗಿನ ಡಿಡಿಆರ್3ಗೆ ಹೋದಿರಿ. ಈಗ ಕೋರ್ ಆಮೆಯಾಗಿದೆ, ಪರದೆಯ ಚಿತ್ರ ಹರಿದಂತೆ ಕಾಣುತ್ತಿದೆ. ಐಎಲ್ಎ (ಚಿಪ್ಪಿನೊಳಗಿನ ಸಿಗ್ನಲ್‌ಗಳನ್ನು ಹಿಡಿದು ತೋರಿಸುವ ಸಾಧನ) ಹಾಕಿ ನೋಡಿದಾಗ ಪ್ರತಿ ಓದಿಗೂ ಸುಮಾರು 25 ಕ್ಲಾಕ್ ಕಂಡಿದೆ. ಚಿಪ್ ತಯಾರಕರೇ ಕೊಡುವ ಎಂಐಜಿ ಎಂಬ ಮೆಮೊರಿ ಕಂಟ್ರೋಲರಿಗೆ ಅದು ಸಹಜವಾದ ಸಂಖ್ಯೆಯೇ.

ಮೊದಲು ಆ 25 ಕ್ಲಾಕ್ ಎಲ್ಲಿ ಹೋಗುತ್ತದೆ ಎಂದು ನೋಡೋಣ. ನಿಮ್ಮ ಬೋರ್ಡಿನಲ್ಲಿ ಮೆಮೊರಿಯ ಕ್ಲಾಕ್ 333 ಮೆಗಾಹರ್ಟ್ಸ್. ಎಂಐಜಿ ನಿಮಗೆ ಕೊಡುವುದು ಅದರ ನಾಲ್ಕನೇ ಒಂದು ಭಾಗ, 83.33 ಮೆಗಾಹರ್ಟ್ಸ್. ಅಂದರೆ ನಿಮ್ಮ ಒಂದು ಕ್ಲಾಕ್ 12 ನ್ಯಾನೊಸೆಕೆಂಡ್, ನಿಮ್ಮ ಒಂದು ಓದು 300 ನ್ಯಾನೊಸೆಕೆಂಡ್. ಇದರಲ್ಲಿ ಡಿಡಿಆರ್ ಚಿಪ್ಪಿನ ಪಾಲು ಕಡಿಮೆ. ಹಳೆಯ ಸಾಲನ್ನು ಮುಚ್ಚಲು, ಹೊಸದನ್ನು ತೆರೆಯಲು, ಅದರೊಳಗಿನ ಕಾಲಂ ಓದಲು ತಲಾ 15 ನ್ಯಾನೊಸೆಕೆಂಡಿನಂತೆ 45. ದತ್ತಾಂಶ ಹೊರಬರಲು ಇನ್ನೊಂದು 12. ಉಳಿದ 240 ನ್ಯಾನೊಸೆಕೆಂಡನ್ನು ನುಂಗುವುದು ಎಫ್‌ಪಿಜಿಎ ಒಳಗಿನ ಪೈಪ್‌ಲೈನ್: ಆಜ್ಞೆಗಳ ಸರತಿ, ಬ್ಯಾಂಕ್ (ಮೆಮೊರಿ ಚಿಪ್ಪಿನ ಸ್ವತಂತ್ರ ವಿಭಾಗ) ನಿರ್ವಹಣೆ, ಸೀರಿಯಲೈಸರ್, ಮರಳುವ ದಾರಿಯಲ್ಲಿ ಡಿಸೀರಿಯಲೈಸರ್ ಮತ್ತು ಫೈಫೋ (ಮೊದಲು ಬಂದದ್ದು ಮೊದಲು ಹೊರಡುವ ಸರತಿ ಬಫರ್), ಕೊನೆಗೆ ಎಎಕ್ಸ್‌ಐ ಪದರ. ಲ್ಯಾಪ್‌ಟಾಪಿನ ಪ್ರೊಸೆಸರಿನಲ್ಲೂ ಇಂಥ ಹಂತಗಳಿವೆ. ಆದರೆ ಅಲ್ಲಿನ ಕ್ಲಾಕ್ ಹಲವು ಪಟ್ಟು ವೇಗವಾದ್ದರಿಂದ ಅವು ಅಗ್ಗ. ನಮಗೆ ಒಂದೊಂದು ಹಂತಕ್ಕೂ 12 ನ್ಯಾನೊಸೆಕೆಂಡಿನ ತೆರಿಗೆ.

ಹಾಗಾದರೆ ಸ್ವಂತ ಕಂಟ್ರೋಲರ್ ಬರೆದು ಆ ಹಂತಗಳನ್ನು ಕಡಿಮೆ ಮಾಡಬಹುದಲ್ಲವೇ? ಮಾಡಬಹುದು. ಆದರೆ ಡಿಡಿಆರ್3ರಲ್ಲಿ ಕಷ್ಟವಿರುವುದು ಕಂಟ್ರೋಲರಿನಲ್ಲಿ ಅಲ್ಲ, ಅದರ ಕೆಳಗಿನ ಫಿಸಿಕಲ್ ಪದರದಲ್ಲಿ. ಬೋರ್ಡ್ ಚಾಲೂ ಆದಾಗಲೆಲ್ಲ ಪ್ರತಿ ಬೈಟ್ ಗುಂಪಿನ ಸ್ಟ್ರೋಬ್ (ದತ್ತಾಂಶವನ್ನು ಯಾವಾಗ ಹಿಡಿಯಬೇಕೆಂದು ಹೇಳುವ ಸಿಗ್ನಲ್) ಎಲ್ಲಿ ಬೀಳುತ್ತದೆಂದು ಹುಡುಕಿ ಕ್ಯಾಲಿಬ್ರೇಟ್ ಮಾಡಬೇಕು. ತಿಂಗಳುಗಳು ಸದ್ದಿಲ್ಲದೆ ಕಳೆದುಹೋಗುವುದು ಅಲ್ಲೇ. ಕಂಟ್ರೋಲರ್ ಬರೆಯುವ ಹಂಬಲವೇ ಇದ್ದರೆ ಹಳೆಯ ಎಸ್‌ಡಿಆರ್ ಎಸ್‌ಡಿರ್ಯಾಮ್ ಇರುವ ಡಿಇ0-ನ್ಯಾನೊದಂಥ ಬೋರ್ಡ್ ಹಿಡಿಯಿರಿ. ಅಲ್ಲಿ ಕ್ಯಾಲಿಬ್ರೇಷನ್ ಗೋಜೇ ಇಲ್ಲ, ಸ್ಟೇಟ್ ಮೆಷೀನ್ ಬರೆದು ಕಲಿಯಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಡಿಡಿಆರ್3ಗೇ ಪರ್ಯಾಯ ಬೇಕೆಂದರೆ ಮುಕ್ತ ಆಕರದ ಲೈಟ್‌ಡಿರ್ಯಾಮ್ ಕಂಟ್ರೋಲರ್ ಇದೆ.

ನಿಮ್ಮ ನಿಜವಾದ ತೊಂದರೆ ಬೇರೆ. 16 ಬಿಟ್ ಅಗಲದ ಆ ಮೆಮೊರಿಯ ಗರಿಷ್ಠ ವೇಗ ಸೆಕೆಂಡಿಗೆ ಸುಮಾರು 1,333 ಮೆಗಾಬೈಟ್. ನೀವು 300 ನ್ಯಾನೊಸೆಕೆಂಡಿಗೆ 4 ಬೈಟ್ ಪಡೆಯುತ್ತಿದ್ದೀರಿ, ಅಂದರೆ ಸೆಕೆಂಡಿಗೆ 13 ಮೆಗಾಬೈಟ್. ನೂರರಲ್ಲಿ ಒಂದು ಪಾಲು! ಒಂದು ಪತ್ರ ಬರೆದು, ಉತ್ತರ ಬರುವವರೆಗೆ ಇನ್ನೊಂದನ್ನು ಬರೆಯದೆ ಕೂತಿರುವವರಂತೆ ನಿಮ್ಮ ಕೋರ್ ನಡೆದುಕೊಳ್ಳುತ್ತಿದೆ. ಎಂಐಜಿ ಪ್ರತಿ ಕ್ಲಾಕಿಗೂ 16 ಬೈಟಿನ ಒಂದು ಬೇಡಿಕೆ ಸ್ವೀಕರಿಸಬಲ್ಲದು. ವಿಳಂಬ 25 ಕ್ಲಾಕ್ ಇರುವಾಗ ಪೂರ್ಣ ವೇಗ ಬೇಕಾದರೆ 25 ಬೇಡಿಕೆಗಳು, ಅಂದರೆ 400 ಬೈಟ್, ಸದಾ ದಾರಿಯಲ್ಲಿರಬೇಕು. ಕಂಟ್ರೋಲರ್ ಬರೆದು ವಿಳಂಬವನ್ನು ಅರ್ಧಕ್ಕೆ ಇಳಿಸಿದರೂ ನೀವು ಒಂದು ಪಾಲಿನಿಂದ ಎರಡು ಪಾಲಿಗೆ ಏರುತ್ತೀರಿ, ಅಷ್ಟೆ.

ಎಎಕ್ಸ್‌ಐ ಅಷ್ಟು ತಲೆನೋವಾಗಿರುವುದೂ ಇದೇ ಕಾರಣಕ್ಕೆ. ಓದಿನ ವಿಳಾಸ, ಓದಿದ ದತ್ತಾಂಶ, ಬರಹದ ವಿಳಾಸ, ಬರಹದ ದತ್ತಾಂಶ, ಬರಹದ ಉತ್ತರ ಎಂದು ಐದು ಪ್ರತ್ಯೇಕ ಚಾನೆಲ್‌ಗಳು, ಮೇಲೆ ಐಡಿಗಳು, ಸ್ಕಿಡ್ ಬಫರ್‌ಗಳು (ಮುಂದೆ ತಡೆ ಬಿದ್ದಾಗ ಬಂದದ್ದನ್ನು ಹಿಡಿದಿಡುವ ಜಾಗ). ಇವೆಲ್ಲ ಇರುವುದು ಹಿಂದಿನ ಉತ್ತರ ಬರುವ ಮೊದಲೇ ಮುಂದಿನದನ್ನು ಕೇಳಲಿಕ್ಕಾಗಿ. ಆ ಸೌಕರ್ಯವನ್ನೇ ಬಳಸದಿದ್ದರೆ ಎಎಕ್ಸ್‌ಐ ಬರೀ ಹೊರೆ. ಆದರೆ ಸರಳವೆಂದು ವಿಶ್‌ಬೋನ್ ಎಂಬ ಇನ್ನೊಂದು ಬಸ್ಸಿನ ಕ್ಲಾಸಿಕ್ ವಿಧಾನಕ್ಕೆ ಹೋದರೆ, ಪ್ರತಿ ಬೇಡಿಕೆಗೂ ಉತ್ತರ ಕಾಯುವುದೇ ಅಲ್ಲಿನ ನಿಯಮ, ಇದ್ದಲ್ಲೇ ಇರುತ್ತೀರಿ. 2010ರ ಬಿ4 ಆವೃತ್ತಿಯ ಪೈಪ್‌ಲೈನ್ ವಿಧಾನ ಮಾತ್ರ ಈ ಕೆಲಸಕ್ಕೆ ಬಂದೀತು.

ಹಾಗಾದರೆ ಮಾಡಬೇಕಾದ್ದೇನು? ಮೊದಲು ಕೋರಿಗೆ ಕ್ಯಾಶ್ (ಓದಿದ್ದನ್ನು ಹತ್ತಿರದಲ್ಲೇ ಇಟ್ಟುಕೊಳ್ಳುವ ಪುಟ್ಟ ಮೆಮೊರಿ) ಹಾಕಿ. ಕ್ಯಾಶಿನ 64 ಬೈಟಿನ ಒಂದು ಸಾಲು ತುಂಬಲು ನಾಲ್ಕು ಬೇಡಿಕೆ ಸಾಕು. ಮೊದಲನೆಯದು 25 ಕ್ಲಾಕಿಗೆ ಬಂದರೆ ಉಳಿದ ಮೂರು ಅದರ ಬೆನ್ನಲ್ಲೇ ಬರುತ್ತವೆ. 28 ಕ್ಲಾಕಿಗೆ 16 ಪದ ಸಿಕ್ಕಂತಾಯಿತು.

ಪರದೆಗೆ ಬೇಕಿರುವುದು ಅಗಾಧ ವೇಗವೇನಲ್ಲ. ಪಿಕ್ಸೆಲಿಗೆ 2 ಬೈಟಿನಂತೆ ಸೆಕೆಂಡಿಗೆ 50 ಮೆಗಾಬೈಟ್. ಆದರೆ ಅದು ಕಾಯುವುದಿಲ್ಲ: 40 ನ್ಯಾನೊಸೆಕೆಂಡಿಗೊಂದು ಪಿಕ್ಸೆಲ್ ಬೇಕೇ ಬೇಕು. ಜೊತೆಗೆ ಡಿರ್ಯಾಮ್ 7.8 ಮೈಕ್ರೊಸೆಕೆಂಡಿಗೊಮ್ಮೆ ರಿಫ್ರೆಶ್‌ಗೆಂದು 160 ನ್ಯಾನೊಸೆಕೆಂಡ್ ಬಾಗಿಲು ಹಾಕುತ್ತದೆ. ಆದ್ದರಿಂದ ಒಂದೆರಡು ಗೆರೆ ಹಿಡಿಸುವ ಫೈಫೋ ಇಟ್ಟು, ಅದು ಅರ್ಧ ಖಾಲಿಯಾದಾಗ ದೊಡ್ಡ ಬರ್ಸ್ಟ್ (ಒಟ್ಟಿಗೆ ಬರುವ ದತ್ತಾಂಶದ ಕಂತು) ಕೇಳಿ. ಇಲ್ಲೊಂದು ಬಲೆಯಿದೆ. ಎಎಕ್ಸ್‌ಐ ಬಿಟ್ಟು ಎಂಐಜಿಯ ಮೂಲ ಇಂಟರ್‌ಫೇಸ್ ಬಳಸಿದರೆ, ಓದಿದ ದತ್ತಾಂಶವನ್ನು ತಡೆದು ನಿಲ್ಲಿಸಲು ಯಾವ ಸಿಗ್ನಲ್ಲೂ ಇಲ್ಲ. ಬಂದದ್ದನ್ನು ಬಂದ ಕ್ಲಾಕಿನಲ್ಲೇ ಹಿಡಿಯಬೇಕು. ಹಾಗಾಗಿ ಫೈಫೋದಲ್ಲಿರುವ ಖಾಲಿ ಜಾಗದಿಂದ ದಾರಿಯಲ್ಲಿರುವ ಬೇಡಿಕೆಗಳನ್ನು ಕಳೆದು, ಉಳಿದಷ್ಟನ್ನು ಮಾತ್ರ ಕೇಳುವ ಲೆಕ್ಕ ಇಟ್ಟುಕೊಳ್ಳಿ.

ಎಂಐಜಿ ವಿಝಾರ್ಡಿನಲ್ಲಿ ವಿಳಾಸದ ಹಂಚಿಕೆಯನ್ನು ಬ್ಯಾಂಕ್-ರೋ-ಕಾಲಂ ಮಾಡಿ. ಆಗ ಎಂಟು ಬ್ಯಾಂಕುಗಳೂ ತಲಾ 32 ಮೆಗಾಬೈಟಿನ ಅಖಂಡ ತುಂಡುಗಳಾಗುತ್ತವೆ. ಚಿತ್ರವನ್ನು ಒಂದರಲ್ಲಿ, ಪ್ರೋಗ್ರಾಮನ್ನು ಇನ್ನೊಂದರಲ್ಲಿ ಇಟ್ಟರೆ ಪರದೆಯೂ ಕೋರೂ ಪರಸ್ಪರರ ತೆರೆದ ಸಾಲನ್ನು ಮುಚ್ಚಿಸುವುದಿಲ್ಲ.

ಇಷ್ಟರ ಮೇಲೂ ಐಎಲ್ಎಯಲ್ಲಿ 25ಕ್ಕಿಂತ ದೊಡ್ಡ ಸಂಖ್ಯೆ ಕಂಡರೆ, ಬ್ಲಾಕ್ ಡಿಸೈನಿನಲ್ಲಿ ಕೋರಿಗೂ ಎಂಐಜಿಗೂ ನಡುವೆ ಏನೇನು ಕೂತಿದೆ ನೋಡಿ. ಕ್ಲಾಕ್ ಕನ್ವರ್ಟರ್, ಅಗಲದ ಕನ್ವರ್ಟರ್, ರಿಜಿಸ್ಟರ್ ಸ್ಲೈಸ್ ಎಲ್ಲವನ್ನೂ ವಿನ್ಯಾಸದ ಸಾಫ್ಟ್‌ವೇರೇ ನಿಮ್ಮನ್ನು ಕೇಳದೆ ಸೇರಿಸಿರುತ್ತದೆ. ಕೋರನ್ನು 100 ಮೆಗಾಹರ್ಟ್ಸ್‌ನಲ್ಲಿ ಓಡಿಸುವ ಹಟ ಬಿಟ್ಟು ಎಂಐಜಿ ಕೊಡುವ 83.33ರಲ್ಲೇ ಓಡಿಸಿ, ಕ್ಲಾಕ್ ಕನ್ವರ್ಟರ್ ಒಂದು ಹೋದರೂ ಎರಡೂ ದಿಕ್ಕಿನಲ್ಲಿ ಹಲವು ಕ್ಲಾಕ್ ಉಳಿತಾಯವಾಗುತ್ತವೆ.