ನಾಲ್ಕೂವರೆಗೆ ಕರೆದರೆ ಆರಕ್ಕೆ ಬರುವವರು

ಸೀರೆ ನೋಡೋಕೆ ಕರೆದವರು ತಡವಾಗಿ ಬರ್ತಾರೆ ಅನ್ನೋದು ಆಪ್ತಸಲಹೆಗೆ ಬರುವಂಥ ವಿಷಯವೇ ಅಂತ ಕೆಲವರಿಗೆ ಅನಿಸಬಹುದು. ಖಂಡಿತ ಬರುತ್ತದೆ. ಇದೇ ಕಾರಣಕ್ಕೆ ನಿದ್ದೆಗೆಟ್ಟು, ಗಂಡನ ಮೇಲೆ ರೇಗಿ, ಅತ್ತೆಯ ಜೊತೆ ಮಾತು ಬಿಟ್ಟಿದ್ದ ಒಬ್ಬ ಹೆಣ್ಣುಮಗಳು ನನ್ನ ಹತ್ತಿರ ಬಂದಿದ್ದರು. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು ಬದಲಿಸಿದ್ದೇನೆ, ಗುರುತು ಸಿಗುವ ವಿವರ ಬಿಟ್ಟಿದ್ದೇನೆ. ಮನೆಯಲ್ಲೇ ಸೀರೆ, ನೈಟಿ, ಸಾರಿನ ಪುಡಿ, ಒನ್ ಗ್ರಾಂ ಒಡವೆ ಮಾರುವ ಹೆಂಗಸರು ನಮ್ಮಲ್ಲಿ ಬೀದಿಗೊಬ್ಬರಿದ್ದಾರೆ. ಅವರಿಗೆ ಇದು ಉಪಯೋಗಕ್ಕೆ ಬರಲಿ ಅನ್ನೋದು ನನ್ನ ಆಸೆ.

ಇವರನ್ನು ಸುಮಂಗಲಾ ಅನ್ನೋಣ. ದಾವಣಗೆರೆ ಕಡೆಯವರು, ವಯಸ್ಸು ನಲವತ್ತು ದಾಟಿದೆ. ಗಂಡನ ಅಂಗಡಿ ಮುಚ್ಚಿದ ಮೇಲೆ ಸ್ವಸಹಾಯ ಸಂಘದಲ್ಲಿ ಸಾಲ ತೆಗೆದು, ಇಳಕಲ್ ಸೀರೆ ತರಿಸಿ ಮನೆಯಲ್ಲೇ ಮಾರಾಟ ಶುರು ಮಾಡಿದರು. ತಿಂಗಳಿಗೊಂದು ಭಾನುವಾರ ಮಾರಾಟ. ವಾಟ್ಸಾಪ್ ಗುಂಪಿಗೆ ಒಂದು ಮೆಸೇಜ್: ‘ನಾಲ್ಕೂವರೆ ಮೇಲೆ ಎಲ್ಲರೂ ಬನ್ನಿ, ಟೀ ಕುಡಿದು ಹೋಗಿ.’ ನಾಲ್ಕಕ್ಕೆಲ್ಲ ಚಾಪೆ ಹಾಸಿ, ಮಂಡಕ್ಕಿ ಕಲಸಿ, ಮಿರ್ಚಿ ಕರಿದು ಕೂರುವರು. ಐದಾದರೂ ಯಾರೂ ಇಲ್ಲ. ಐದೂವರೆಗೆ ಒಬ್ಬರು ಇಣುಕಿ ‘ಇನ್ನೂ ಯಾರೂ ಬಂದಿಲ್ವಾ? ಆಮೇಲೆ ಬರ್ತೀನಿ’ ಅಂತ ತಿರುಗಿ ಹೋಗುವರು. ಆರರ ಮೇಲೆ ಎಲ್ಲರೂ ಒಟ್ಟಿಗೆ ನುಗ್ಗುವರು. ಅಷ್ಟು ಹೊತ್ತಿಗೆ ದೀಪ ಹಚ್ಚುವ ಹೊತ್ತು, ಮಕ್ಕಳಿಗೆ ಹಸಿವು, ಗಂಡ ಒಳಕೋಣೆಯಲ್ಲಿ ಬಂದಿ. ಗಡಿಬಿಡಿಯಲ್ಲಿ ಸೀರೆ ಬಿಚ್ಚಿ ಬಿಚ್ಚಿ ತೋರಿಸಿ, ಕೊನೆಗೆ ಎರಡೋ ಮೂರೋ ಹೋದರೆ ಹೆಚ್ಚು.

‘ಮೇಡಂ, ನನ್ನನ್ನ ಯಾರೂ ಲೆಕ್ಕಕ್ಕೇ ತಗೊಳ್ಳಲ್ಲ. ಡಾಕ್ಟರ್ ಹತ್ರ ಹೋಗೋಕೆ ಟೈಮ್ ತಪ್ಪಿಸ್ತಾರಾ ಇವರು? ನಮ್ಮನೆ ಅಂದ್ರೆ ಸದರ.’ ಹೀಗಂತ ಹೇಳಿ ಅತ್ತರು. ಮಾರಾಟದ ಹಿಂದಿನ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಖಾಲಿ ಚಾಪೆ ನೋಡುತ್ತಾ ಕೂತಾಗ ಎದೆ ಹೊಡೆದುಕೊಳ್ಳುತ್ತಿತ್ತು. ‘ಮನೆಗೆ ಬಂದೋರ ಹತ್ರ ದುಡ್ಡು ಇಸ್ಕೊಳ್ಳೋದಾ?’ ಅಂತ ಅತ್ತೆ ಒಮ್ಮೆ ಅಂದಿದ್ದ ಮಾತು ಆಗ ಕಿವಿಯಲ್ಲಿ ಕೇಳಿಸುತ್ತಿತ್ತಂತೆ.

ತಡವಾಗಿ ಬರೋದನ್ನು ಅವಮಾನ ಅಂತ ತೀರ್ಮಾನಿಸುವ ಮೊದಲು ಕಾರಣ ಏನು ಅಂತ ಕೇಳಿದ್ದೀರಾ ಅಂತ ಕೇಳಿದೆ. ಇಲ್ಲ ಅಂದರು. ಹಾಗಾಗಿ ನಾನು ಕೊಟ್ಟ ಮೊದಲ ಕೆಲಸ ಅದೇ. ನಂಬಿಕೆ ಇರುವ ನಾಲ್ಕೈದು ಜನರನ್ನು ಒಬ್ಬೊಬ್ಬರನ್ನಾಗಿ, ಮಾರಾಟದ ದಿನ ಬಿಟ್ಟು ಬೇರೆ ದಿನ, ದೂರುವ ದನಿ ಇಲ್ಲದೆ ಕೇಳಿ ಬರಬೇಕು. ‘ನಿಮಗೆ ಯಾವ ಹೊತ್ತು ಅನುಕೂಲ? ನಾಲ್ಕೂವರೆಗೆ ಬರೋಕೆ ಏನು ಅಡ್ಡ ಬರುತ್ತೆ?’ ಇಷ್ಟೇ ಪ್ರಶ್ನೆ. ಉತ್ತರಕ್ಕೆ ಎದುರು ವಾದ ಮಾಡೋ ಹಾಗಿಲ್ಲ. ಮನೆಗೆ ಬಂದು ಬರೆದಿಡಬೇಕು.

ಬಂದ ಉತ್ತರಗಳು ನನಗೂ ಪಾಠ. ಪಕ್ಕದ ಬೀದಿಯವರು ಅಂದದ್ದು: ‘ಭಾನುವಾರ ನಾಲ್ಕೂವರೆಯಿಂದ ಆರು ರಾಹುಕಾಲ ಅಲ್ವೇನ್ರೀ. ವರಮಹಾಲಕ್ಷ್ಮಿಗೆ ಉಡೋ ಸೀರೆನ ಆ ಹೊತ್ತಲ್ಲಿ ಹೆಂಗೆ ತಗೊಳ್ಳೋದು?’ ಗೋಡೆಯ ಕ್ಯಾಲೆಂಡರ್‌ನಲ್ಲೇ ಇದೆ. ಸುಮಂಗಲಾ ಕರೆಯುತ್ತಿದ್ದದ್ದು ಸರಿಯಾಗಿ ರಾಹುಕಾಲ ಶುರುವಾಗುವ ಹೊತ್ತಿಗೆ. ಜನ ಬರುತ್ತಿದ್ದದ್ದು ಅದು ಮುಗಿದ ಮೇಲೆ. ಅವರ ಪ್ರಕಾರ ಅವರು ಸರಿಯಾದ ಹೊತ್ತಿಗೇ ಬರುತ್ತಿದ್ದರು!

ಇನ್ನೊಬ್ಬರ ಮಾತು ಇದಕ್ಕಿಂತ ಮುಖ್ಯ. ‘ಮೊದಲು ಬಂದ್ರೆ ನಾನೊಬ್ಳೇ ಕೂತ್ಕೋಬೇಕು. ನೀವು ಹತ್ತು ಸೀರೆ ಬಿಚ್ಚಿ ತೋರಿಸ್ತೀರಿ. ಆಮೇಲೆ ಬೇಡ ಅಂತ ಏಳೋದು ಹೆಂಗೆ? ನಾಲ್ಕು ಜನ ಇದ್ರೆ ಸುಮ್ನೆ ನೋಡಿ ಎದ್ದು ಬರಬಹುದು.’ ಮನೆಯಲ್ಲಿ ನಡೆಯುವ ಮಾರಾಟದ ಮರ್ಮ ಇದು. ಅಂಗಡಿಯಲ್ಲಿ ಬೇಡ ಅನ್ನೋದು ಸುಲಭ. ಟೀ ಕೊಟ್ಟು, ಕುಂಕುಮ ಕೊಟ್ಟು, ಮಗಳ ಮದುವೆ ವಿಚಾರಿಸಿದವರ ಮುಂದೆ ಬೇಡ ಅನ್ನೋದು ಕಷ್ಟ. ಆ ಮುಜುಗರ ತಪ್ಪಿಸಿಕೊಳ್ಳಲು ಎಲ್ಲರೂ ಎರಡನೆಯವರಾಗಿ ಬರಲು ನೋಡುತ್ತಾರೆ. ಎಲ್ಲರೂ ಎರಡನೆಯವರಾಗಲು ಹೊರಟರೆ ಚಾಪೆ ಖಾಲಿ ಇರುತ್ತದೆ.

ಮೂರನೆಯದನ್ನು ಯಾರೂ ನೇರವಾಗಿ ಹೇಳಲಿಲ್ಲ, ಸುಮಂಗಲಾ ಅವರೇ ಕಂಡುಕೊಂಡರು. ಕೊನೆಗೆ ಬಂದು ಗುಂಪಿನಲ್ಲಿ ಸೇರಿಕೊಳ್ಳುತ್ತಿದ್ದವರಲ್ಲಿ ಮೂವರು ಹಳೆ ಸೀರೆಯ ಕಂತು ಬಾಕಿ ಉಳಿಸಿಕೊಂಡವರು. ಬೇಗ ಬಂದರೆ ದುಡ್ಡಿನ ಮಾತು ಬರುತ್ತದಲ್ಲ.

ಈ ಕಾಗದವನ್ನು ಮುಂದಿಟ್ಟುಕೊಂಡು ಅವರು ತುಂಬ ಹೊತ್ತು ಕೂತಿದ್ದರು. ನನ್ನನ್ನು ಸದರ ಮಾಡ್ತಾರೆ ಅನ್ನೋ ಉತ್ತರ ಅದರಲ್ಲಿ ಒಂದೂ ಇರಲಿಲ್ಲ. ಜನ ಎದುರಿಗೆ ಹಾಗೆ ಹೇಳ್ತಾರಾ ಅಂತ ನೀವು ಕೇಳಬಹುದು. ಹೇಳಲ್ಲ, ನಿಜ. ಆದರೆ ಹೇಳಿದ ಕಾರಣಗಳು ಅವರು ಬರುವ ಹೊತ್ತಿಗೆ ಸರಿಯಾಗಿ ಹೊಂದುತ್ತಿದ್ದವು. ನನಗೆ ಅಷ್ಟು ಸಾಕಾಗಿತ್ತು.

ಇಲ್ಲಿ ಒಂದು ಹಳೆ ವಿಷಯ ಹೇಳಬೇಕು. ಮನೆಯಲ್ಲಿ ಜನ ಸೇರಿಸಿ ಮಾರುವ ಪದ್ಧತಿಗೆ ದೊಡ್ಡ ಹೆಸರು ಬಂದದ್ದು ಅಮೆರಿಕದ ಟಪ್ಪರ್‌ವೇರ್ ಡಬ್ಬಿಗಳಿಂದ. ಅಂಗಡಿಯಲ್ಲಿ ಅವು ಅಷ್ಟಾಗಿ ಓಡಲಿಲ್ಲ. ಮುಚ್ಚಳ ಹೇಗೆ ಬಿಗಿಯಾಗಿ ಕೂರುತ್ತದೆ ಅಂತ ಯಾರಾದರೂ ಕೈಯಲ್ಲಿ ಹಿಡಿದು ತೋರಿಸಬೇಕಿತ್ತು. ಬ್ರೌನಿ ವೈಸ್ ಎಂಬ ಮಹಿಳೆ ಮನೆಗಳಲ್ಲಿ ಮಾರಿ ತೋರಿಸಿದ ಮೇಲೆ 1951ರಲ್ಲಿ ಕಂಪನಿ ಅಂಗಡಿಗಳನ್ನು ಬಿಟ್ಟು ಈ ದಾರಿಗೇ ಬಂತು. 1996ರಲ್ಲಿ ಭಾರತಕ್ಕೂ ಬಂತು, ನಮ್ಮ ಊರುಗಳ ಹೆಂಗಸರೂ ಆ ಡಬ್ಬಿ ಮಾರಿದರು. ಆ ಪದ್ಧತಿಯಲ್ಲಿ ಕರೆಯುವವಳೇ ಬೇರೆ, ಮಾರುವವಳೇ ಬೇರೆ. ಮನೆಯವಳು ತನ್ನ ಗೆಳತಿಯರನ್ನು ಕರೆಯುತ್ತಾಳೆ, ಅವಳಿಗೊಂದು ಉಡುಗೊರೆ ಸಿಗುತ್ತದೆ. ಮಾರುವವಳು ಬಂದು ಹೊತ್ತಿಗೆ ಸರಿಯಾಗಿ ಶುರು ಮಾಡುತ್ತಾಳೆ. ಸುಮಂಗಲಾ ಎರಡೂ ಕೆಲಸವನ್ನು ಒಬ್ಬರೇ ಹೊತ್ತಿದ್ದರು. ಮನೆಯವಳಾಗಿ ಎಲ್ಲರೂ ಬರುವವರೆಗೆ ಕಾಯಬೇಕು. ಮಾರುವವಳಾಗಿ ಹೊತ್ತಿಗೆ ಶುರು ಮಾಡಬೇಕು. ಎರಡೂ ಒಟ್ಟಿಗೆ ಆಗಲ್ಲ.

ಕಾಯುವುದರಿಂದ ಯಾರಿಗೆ ನಷ್ಟ ಆಗ್ತಿದೆ ನೋಡಿ ಅಂದೆ. ಒಬ್ಬ ಶಾಲಾ ಶಿಕ್ಷಕಿ ಮೊದಮೊದಲು ಹೇಳಿದ ಹೊತ್ತಿಗೇ ಬರುತ್ತಿದ್ದರಂತೆ. ‘ಎಲ್ಲರೂ ಬರಲಿ ಟೀಚರ್, ಒಟ್ಟಿಗೆ ಬಿಚ್ಚೋಣ’ ಅಂತ ಅವರನ್ನು ಕೂರಿಸಿದ್ದರು. ಆರಕ್ಕೆ ಬಂದವರಿಗಾಗಿ ಮತ್ತೆ ಮೊದಲಿಂದ ಎಲ್ಲ ಸೀರೆ ಬಿಚ್ಚಿದ್ದರು. ಆ ಟೀಚರ್ ಬರೋದೇ ಬಿಟ್ಟರು. ಹೊತ್ತಿಗೆ ಬಂದವರಿಗೆ ಕಾಯುವ ಶಿಕ್ಷೆ, ತಡವಾಗಿ ಬಂದವರಿಗೆ ಬಿಸಿ ಟೀ. ಇದನ್ನು ನೋಡಿದ ಯಾರು ತಾನೆ ಬೇಗ ಬರ್ತಾರೆ?

ಇನ್ನು ನಾನು ಕೊಟ್ಟ ಸಲಹೆ. ಕರೆಯೋದು ಹೇಗೆ ಅನ್ನೋದಕ್ಕೆ ಹೆಚ್ಚು ಹೊತ್ತು ಕೊಟ್ಟೆವು. ಗುಂಪಿಗೆ ಹಾಕಿದ ಮೆಸೇಜ್ ಯಾರಿಗೂ ಸೇರಿದ್ದಲ್ಲ. ಎಂಟೇ ಜನಕ್ಕೆ ಫೋನ್ ಮಾಡಿ ಅಂದೆ. ಟೀಗೆ ಬನ್ನಿ ಅಂತ ಮುಚ್ಚಿಡಬೇಡಿ, ಸೀರೆ ಮಾರಾಟ ಅಂತಲೇ ಹೇಳಿ. ಮುಗಿಯುವ ಹೊತ್ತನ್ನೂ ಹೇಳಿ. ಎಷ್ಟು ಹೊತ್ತಿಗೆ ಬಿಡ್ತಾರೋ ಗೊತ್ತಿಲ್ಲ ಅನ್ನೋ ಕಾರಣಕ್ಕೇ ಮನೆಗೆಲಸ ಎಲ್ಲ ಮುಗಿಸಿ ಹೊರಡೋಣ ಅಂತ ಹೆಂಗಸರು ತಡ ಮಾಡ್ತಾರೆ. ಒಬ್ಬರನ್ನೇ ಕರೆಯಬೇಡಿ, ಜೋಡಿಯಾಗಿ ಕರೆಯಿರಿ: ‘ನೀವೂ ಪಕ್ಕದ ಮನೆ ಅಕ್ಕನೂ ಒಟ್ಟಿಗೆ ಬನ್ನಿ.’ ಮೊದಲು ಒಬ್ಬಳೇ ಕೂರಬೇಕಲ್ಲ ಅನ್ನೋ ಭಯಕ್ಕೆ ಇದಕ್ಕಿಂತ ಒಳ್ಳೆ ಮದ್ದು ನನಗೆ ಗೊತ್ತಿಲ್ಲ. ಕಂತಿನ ಮಾತು ಮಾರಾಟದ ದಿನ ಆಡಲ್ಲ ಅಂತ ಬಾಕಿದಾರರಿಗೆ ಮೊದಲೇ ತಿಳಿಸಿ. ಆ ಲೆಕ್ಕಕ್ಕೆ ತಿಂಗಳ ಮೊದಲ ವಾರ ಬೇರೆಯಾಗಿ ಫೋನ್ ಮಾಡಿ.

ದಿನ ಆರಿಸಿದ್ದು ಅವರೇ, ಮತ್ತು ಬಹಳ ಜಾಣತನದಿಂದ. ಬುಧವಾರ ಹತ್ತೂವರೆಗೆ. ಮಕ್ಕಳು ಶಾಲೆಯಲ್ಲಿ, ಗಂಡ ಹೊರಗೆ. ಬುಧವಾರದ ರಾಹುಕಾಲ 12ಕ್ಕೆ ಶುರು. ಹಾಗಾಗಿ ಕೊಳ್ಳುವವರು 12ರ ಒಳಗೆ ಕೊಂಡು ಮುಗಿಸಬೇಕು. ನಾನು ರಾಹುಕಾಲ ನೋಡುವವಳಲ್ಲ. ಆದರೆ ನೋಡುವವರ ಮನೆಯ ಗಡಿಯಾರ ಯಾವುದು ಅಂತ ತಿಳಿದೇ ಕರೆಯಬೇಕು. ಕೆಲಸಕ್ಕೆ ಹೋಗುವವರಿಗೆ ಶನಿವಾರ ಮಧ್ಯಾಹ್ನ ಬೇರೆ ಹೊತ್ತು ಇಟ್ಟರು. ಟೀಚರ್‌ಗೆ ಮೊದಲ ಫೋನ್ ಹೋಯಿತು.

ಮೊದಲ ಅರ್ಧ ಗಂಟೆಯಲ್ಲಿ ಮಾರಾಟದ ಮಾತೇ ಬೇಡ ಅಂದೆ. ಹಾಗಾದರೆ ಏನು ಮಾಡೋದು? ಸುಮಂಗಲಾ ಸೆರಗಿಗೆ ಕುಚ್ಚು ಚೆನ್ನಾಗಿ ಹಾಕುತ್ತಾರೆ. ಹೊರಗೆ ಹಾಕಿಸಿದರೆ ನೂರಾರು ರೂಪಾಯಿ ಆಗುವ ಕೆಲಸ ಅದು. ‘ಹತ್ತೂವರೆಗೆ ಕುಚ್ಚು ಹಾಕೋದು ತೋರಿಸ್ತೀನಿ, ನಿಮ್ಮದೇ ಹಳೆ ಸೀರೆ ತನ್ನಿ’ ಅಂತ ಕರೆದರು. ತಡವಾಗಿ ಬಂದವರಿಗೆ ಅದು ತಪ್ಪಿಹೋಗುತ್ತದೆ, ಮತ್ತೆ ತೋರಿಸೋದಿಲ್ಲ. ಅದಾದ ಮೇಲೆ ಇಳಕಲ್ ಸೀರೆಯ ಒಡಲಿಗೂ ಸೆರಗಿಗೂ ಎಳೆ ಕೂಡಿಸುವ ಟೋಪ ತೆನಿ ಹೇಗಿರುತ್ತದೆ, ಗೋಮಿ ಅನ್ನೋ ದಡಿ (ಅಂಚು) ಯಾವುದು ಅಂತ ತೋರಿಸುತ್ತಾ ಹೋದರೆ ಮಾರಾಟ ತಾನಾಗಿ ಶುರುವಾಗುತ್ತದೆ. ಪ್ರತಿ ಸೀರೆಗೂ ಬೆಲೆ ಚೀಟಿ ಅಂಟಿಸಲು ಹೇಳಿದೆ. ತಿಂಡಿ, ಟೀ ಕೊನೆಗೆ.

ಇಬ್ಬರು ಬಂದರೂ ಸಾಕು, ಶುರು ಮಾಡಿಬಿಡಬೇಕು ಅನ್ನೋದು ಅವರಿಗೆ ಅತಿ ಕಷ್ಟವಾದ ಸಲಹೆ. ‘ಬರೋರನ್ನ ಬಿಟ್ಟು ಶುರು ಮಾಡೋದು ಮರ್ಯಾದೆ ಅಲ್ಲ’ ಅಂದರು. ಬಂದವರನ್ನು ಕಾಯಿಸೋದು ಮರ್ಯಾದೆಯಾ ಅಂತ ಕೇಳಿದೆ. ತಡವಾಗಿ ಬಂದವರನ್ನು ಕೊಂಕಿಲ್ಲದೆ ‘ಬನ್ನಿ, ಕೂತ್ಕೊಳ್ಳಿ’ ಅನ್ನಬೇಕು. ಮಡಿಚಿಟ್ಟ ಸೀರೆಯನ್ನು ಅವರಿಗಾಗಿ ಮತ್ತೆ ಬಿಚ್ಚಬಾರದು. ಶುರುವಿನ ಹತ್ತು ನಿಮಿಷ ಎದೆ ಹೊಡೆದುಕೊಂಡರೆ ಫೋನ್ ಮುಟ್ಟಬೇಡಿ, ಬಾಗಿಲಿಗೆ ಹೋಗಬೇಡಿ, ಕುಚ್ಚಿನ ದಾರ ಕೈಗೆ ತಗೊಳ್ಳಿ ಅಂದೆ.

ಅತ್ತೆಯ ಮಾತಿಗೆ ಬರಬೇಕು, ಯಾಕಂದರೆ ನೋವು ಇದ್ದದ್ದು ಅಲ್ಲಿ. ಅತ್ತೆ ಕೆಟ್ಟವರಲ್ಲ. ಮನೆಗೆ ಬಂದವರಿಗೆ ಕೊಟ್ಟು ಕಳಿಸಬೇಕೇ ಹೊರತು ಅವರಿಂದ ಪಡೆಯಬಾರದು ಅಂತ ನಂಬಿ ಬಾಳಿದವರು. ಸುಮಂಗಲಾ ಒಳಗೊಳಗೇ ಅದನ್ನೇ ನಂಬಿದ್ದರು. ಹಾಗಾಗಿ ಖಾಲಿ ಚಾಪೆ ಕಂಡಾಗಲೆಲ್ಲ ಮಾಡಬಾರದ್ದು ಮಾಡಿ ಸಿಕ್ಕಿಬಿದ್ದ ಹಾಗೆ ಅನಿಸುತ್ತಿತ್ತು. ನೇಯ್ದವರ ಕೂಲಿ, ಸಂಘದ ಕಂತು, ಮಕ್ಕಳ ಫೀಸು ಎಲ್ಲ ಈ ಸೀರೆಯಲ್ಲಿದೆ. ಇದು ದುಡಿಮೆ. ಅತ್ತೆಗೆ ಇದನ್ನು ಜಗಳದ ಹೊತ್ತಲ್ಲಿ ಹೇಳಬೇಡಿ, ಲೆಕ್ಕದ ಪುಸ್ತಕ ಮುಂದಿಟ್ಟು ಸಮಾಧಾನವಾಗಿ ಹೇಳಿ ಅಂದೆ. ಕೊಂಡವರಿಗೂ ಕೊಳ್ಳದವರಿಗೂ ಹೊರಡುವಾಗ ಅರಿಶಿನ ಕುಂಕುಮ, ಎಲೆ ಅಡಿಕೆ ಕೊಡುವ ಕೆಲಸ ಅತ್ತೆಯದಾಗಲಿ ಅಂತಲೂ ಸೇರಿಸಿದೆ. ಬರಿಗೈಲಿ ಹೋಗುವವರಿಗೂ ಅದೇ ಗೌರವ ಸಿಕ್ಕರೆ ಮುಂದಿನ ಸಲ ಅವರು ಹೆದರದೆ ಬರ್ತಾರೆ. ಅತ್ತೆ ಮೊದಲು ಒಪ್ಪಲಿಲ್ಲ. ಎರಡು ತಿಂಗಳು ಒಳಕೋಣೆಯಲ್ಲೇ ಕೂತಿದ್ದರು. ಆಮೇಲೆ ತಾವೇ ತಟ್ಟೆ ಹಿಡಿದು ಬಂದರು.

ಮೊದಲ ಬುಧವಾರ ಹೇಳಿದ ಹೊತ್ತಿಗೆ ಬಂದದ್ದು ಮೂವರೇ. ಕೈ ನಡುಗುತ್ತಿದ್ದರೂ ಶುರು ಮಾಡಿದರಂತೆ. ಹನ್ನೊಂದೂವರೆಗೆ ಬಂದ ಒಬ್ಬರು ಕುಚ್ಚು ಮುಗಿದುಹೋಯಿತು ಅಂತ ಮುನಿಸಿಕೊಂಡರು, ಮುಂದಿನ ತಿಂಗಳು ಹತ್ತೂವರೆಗೆ ಅವರೇ ಬಾಗಿಲಲ್ಲಿದ್ದರು. ವ್ಯಾಪಾರ ಒಮ್ಮೆಲೇ ಹೆಚ್ಚಲಿಲ್ಲ. ಆದರೆ ಹಿಂದಿನ ರಾತ್ರಿ ನಿದ್ದೆ ಬಂತು ಅಂದರು. ನನಗೆ ಬೇಕಿದ್ದದ್ದು ಅದು. ಶ್ರಾವಣಕ್ಕೆ ಮುಂಚೆ ಇಬ್ಬರು ಗಿರಾಕಿಗಳು ತಮ್ಮ ಮನೆಯಲ್ಲೇ ಗೆಳತಿಯರನ್ನು ಕರೆಯುತ್ತೇವೆ ಅಂದರು, ಅವರಿಗೆ ಒಂದು ಸೀರೆಯ ಬೆಲೆಯಲ್ಲಿ ರಿಯಾಯಿತಿ ಅಂತ ಮಾತಾಯಿತು.

ನಾದಿನಿ ಮಾತ್ರ ಬದಲಾಗಿಲ್ಲ. ಈಗಲೂ ಎಲ್ಲ ಮುಗಿದ ಮೇಲೆ ಬಂದು ‘ನನಗೊಂದ್ಸಲ ಎಲ್ಲಾ ತೋರಿಸಿ ಅತ್ತಿಗೆ’ ಅಂತಾರೆ. ಮನೆಮಗಳಿಗೆ ಆಗಲ್ಲ ಅನ್ನೋಕೆ ಬಾಯಿ ಬರಲ್ಲ. ಅವರನ್ನು ಗಿರಾಕಿಯ ಲೆಕ್ಕದಿಂದಲೇ ತೆಗೆದುಬಿಡಿ ಅಂದೆ. ಮಾರಾಟಕ್ಕೆ ಕರೆಯಬೇಡಿ. ಹಿಂದಿನ ದಿನ ಊಟಕ್ಕೆ ಕರೆದು, ಗಂಟು ಬಿಚ್ಚುವಾಗ ಮೊದಲ ಸೀರೆ ಅವರ ಕೈಗೇ ಕೊಡಿ.