ಸಾಗುವಾನಿ ಉಂಗುರದಲ್ಲಿ ಹಳೆ ಮಳೆಯ ಲೆಕ್ಕ ಸಿಗುತ್ತಾ?

ಅಣ್ಣಾ, ಕಾರ್ಕಳದ ನಿಮ್ಮ ಗುಡ್ಡೆಯಲ್ಲಿ ಗಾಳಿಗೆ ಬಿದ್ದ ಸಾಗುವಾನಿಯ ಫೋಟೋ ನೋಡಿದೆ. ಉಂಗುರ ಎಣಿಸಿ ಹಳೆ ಮಳೆಗಾಲ ಹೇಗಿತ್ತು ಅಂತ ಹೇಳಬಹುದಾ, ಪಕ್ಕದ ತೆಂಗಿನಲ್ಲೂ ನೋಡಬಹುದಾ ಅಂತ ಕೇಳಿದ್ದೀರಿ.

ತೆಂಗು, ಅಡಿಕೆ ಬಿಟ್ಟುಬಿಡಿ. ಅವುಗಳ ಒಳಗೆ ವರ್ಷದ ಉಂಗುರವೇ ಇಲ್ಲ, ಹೊರಗೆ ಕಾಣುವುದು ಸೋಗೆ ಬಿದ್ದ ಗುರುತು. ಹಲಸು, ಮಾವಿನ ಗೆರೆಗಳನ್ನೂ ನಂಬುವ ಹಾಗಿಲ್ಲ. ಸಾಗುವಾನಿ ಹಾಗಲ್ಲ. ಬೇಸಿಗೆಗೆ ಎಲೆ ಉದುರಿಸಿ ಸುಮ್ನೆ ನಿಲ್ಲುತ್ತದಲ್ವಾ, ಮತ್ತೆ ಚಿಗುರಿ ಬೆಳೆಯುವಾಗ ಮೊದಲು ದೊಡ್ಡ ತೂತುಗಳ ಸಾಲು ಹಾಕುತ್ತದೆ. ಆ ಸಾಲೇ ಹೊಸ ವರ್ಷದ ಗಡಿ.

ಎರಡು ಇಂಚು ದಪ್ಪದ ಬಿಲ್ಲೆ ಕೊಯ್ಸಿ ನೆರಳಲ್ಲಿ ಒಣಗಿಸಿ. ಬಿಸಿಲಿಗಿಟ್ಟರೆ ಸೀಳುತ್ತದೆ. ಆಮೇಲೆ 80, 120, 220, 400 ನಂಬರಿನ ಸ್ಯಾಂಡ್ ಪೇಪರ್ ಸಾಲಾಗಿ ಉಜ್ಜಿ. ಎಣಿಕೆ ತೊಗಟೆ ಕಡೆಯಿಂದಲೇ ಶುರುವಾಗಬೇಕು, ಯಾಕಂದರೆ ಮರ ಬಿದ್ದ ವರ್ಷ ಒಂದೇ ನಮಗೆ ಖಚಿತ. 2010, 2000, 1990 ಬಂದಲ್ಲೆಲ್ಲ ಪೆನ್ಸಿಲ್ ಚುಕ್ಕೆ ಇಡಿ.

ಒಂದೇ ಬದಿಯಲ್ಲಿ ಎಣಿಸಿ ಮುಗಿಸಬೇಡಿ ಮಾರಾಯ್ರೇ. ಅಜ್ಜ 1972ರಲ್ಲಿ ನೆಟ್ಟ ಮರಕ್ಕೆ ನಾನು ಎರಡು ವರ್ಷ ಜಾಸ್ತಿ ವಯಸ್ಸು ಕೊಟ್ಟಿದ್ದೆ! ಮಳೆ ನಡುವೆ ಕೈಕೊಟ್ಟು ಮತ್ತೆ ಸುರಿದರೆ ಸುಳ್ಳು ಉಂಗುರ ಬೀಳುತ್ತದೆ. ಅದರ ಅಂಚು ಮಸುಕು, ಕೆಲವೊಮ್ಮೆ ಪೂರ್ತಿ ಸುತ್ತು ಬರುವುದೂ ಇಲ್ಲ.

ಇನ್ನು ಮಳೆಯ ಮಾತು. ಉಡುಪಿ ಕಡೆ ವರ್ಷಕ್ಕೆ 4000 ಮಿ.ಮೀ. ಆಸುಪಾಸು ಸುರಿಯುತ್ತದೆ. ಆಷಾಢದಲ್ಲಿ ಯಾವ ಮರಕ್ಕೆ ನೀರಿನ ಕೊರತೆ? ಹಾಗಾಗಿ ಉಂಗುರ ದಪ್ಪ ಇದ್ದ ಮಾತ್ರಕ್ಕೆ ಆ ವರ್ಷ ಭಾರೀ ಮಳೆ ಅನ್ನಬೇಡಿ. ತೋಟದ ಬದಿಯ ಮರವಂತೂ ಅಡಿಕೆಗೆ ಬಿಟ್ಟ ನೀರು ಕುಡಿದು ಹಾಯಾಗಿರುತ್ತದೆ, ಅದು ಏನೂ ಹೇಳುವುದಿಲ್ಲ. ಮುರಕಲ್ಲಿನ (ಜಂಬಿಟ್ಟಿಗೆಯ) ಮೇಲೆ ತೆಳು ಮಣ್ಣಲ್ಲಿ ನಿಂತ ನಿಮ್ಮ ಮರದಂಥದ್ದೇ ಬೇಕು. ಆದರೂ ಒಂದು ಮರ ಸಾಲದು. ಪಕ್ಕದ ಮರ ಕಡಿದು ಬೆಳಕು ಸಿಕ್ಕಿದರೂ ಉಂಗುರ ದಪ್ಪವಾಗುತ್ತದೆ. ನಾಲ್ಕಾರು ಮರದಲ್ಲಿ ಅದೇ ವರ್ಷ ಸಪೂರ ಆಗಿದ್ದರೆ ಆಗ ಹವೆಯನ್ನು ದೂರಬಹುದು.

ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯವರು ಕೇರಳದ ಸಾಗುವಾನಿಗಳನ್ನು ಹೀಗೆಯೇ ಜೋಡಿಸಿ 1481ರಿಂದ 2003ರವರೆಗಿನ 523 ವರ್ಷದ ಸಾಲು ಮಾಡಿದ್ದಾರೆ. ಪೆಸಿಫಿಕ್ ಸಾಗರದ ನೀರು ಮಾಮೂಲಿಗಿಂತ ಬಿಸಿಯಾಗಿ ಇಲ್ಲಿ ಮಳೆ ಕೈಕೊಟ್ಟ ಎಲ್ ನಿನೊ ವರ್ಷಗಳಲ್ಲಿ ಉಂಗುರ ಸಪೂರ ಆದದ್ದು ಅದರಲ್ಲಿ ಕಂಡಿದೆ.

ಮನೆಯಲ್ಲಿ ಮಳೆ ಅಳೆದು ಬರೆದಿಟ್ಟ ಪುಸ್ತಕ ಇದ್ದರೆ ತೆಗೆದಿಡಿ, ಹೋಲಿಸಿ ನೋಡೋಣ. ಉಜ್ಜಿದ ಮೇಲೆ ಪಕ್ಕದಲ್ಲಿ ಸ್ಕೇಲ್ ಇಟ್ಟು ಇನ್ನೊಂದು ಫೋಟೋ ಹಾಕಿ. ಈಗಿನದರಲ್ಲಿ ಗರಗಸದ ಗೆರೆ ಬಿಟ್ಟು ಬೇರೇನೂ ಕಾಣುವುದಿಲ್ಲ.